ಒಂದು ಕತೆಗೆ ಐದು ಗುಲಗಂಜಿ

"ಕಡೀತೀನಿ," ಅಂದ ಬಸವಕುಮಾರ್.

"ಏನನ್ನ ಕಡೀತೀಯೋ? ಅಲ್ಲಿ ಯಾರೂ ಇಲ್ಲ. ಬರೇ ಬಾಗಿಲ ಐತಿ," ಅಂದಳು ಶೈಲಜಾ.

"ಬಾಗಿಲನ್ನಾ ಕಡೀತೀನಿ."

"ಅದು ಕಲ್ಲಿನ ಬಾಗಿಲು."

"ಕಲ್ಲನ್ನಾ ಕಡೀತೀನಿ. ದಿನಾ ಅದನ್ನಾ ಮಾಡಾಕತ್ತೀವಲ್ಲ ಅಕ್ಕ, ಹೊಸಾದೇನೈತಿ ಅದ್ರಾಗ?"

ಸ್ಫೂರ್ತಿ ಬಿದ್ದು ಬಿದ್ದು ನಕ್ಕಳು. ಲಿಂಗರಾಜ್ ನಗಲಿಲ್ಲ, ಅಂಗಾಲಿನ ಕೆಂಪು ಧೂಳನ್ನು ಉಜ್ಜುತ್ತ ಕೂತಿದ್ದ. ಶೈಲಜಾಗೆ ಮೈಯೆಲ್ಲ ಉರಿಯಿತು. ಆ ಐದನೇ ಬಾಗಿಲಿಗಾಗಿ ಅವಳು ವಾರವಿಡೀ ತಲೆ ಕೆಡಿಸಿಕೊಂಡಿದ್ದಳು. ಕಾಲುವೆ ಆಫೀಸಿನಲ್ಲಿ ಮೇಜಿನ ತುಂಬ ಫೈಲು ಹರವಿ, ಅದರಡಿ ಹಾಳೆ ಬಚ್ಚಿಟ್ಟುಕೊಂಡು, ಬಾಗಿಲ ಮೇಲೆ ಏನು ಕೆತ್ತಿದೆ, ಮುಟ್ಟಿದರೆ ಬಿಸಿಯೋ ತಣ್ಣಗೋ, ಒಳಗಿನಿಂದ ಯಾರ ದನಿ ಕೇಳುತ್ತದೆ ಎಂದೆಲ್ಲ ಬರೆದಿದ್ದಳು. ಒಡಹುಟ್ಟಿದ ತಮ್ಮ ಅದನ್ನು ನಾಲ್ಕು ಅಕ್ಷರದಲ್ಲಿ ಮುಗಿಸಿಬಿಟ್ಟ.

ಆಟ ಹೀಗಿತ್ತು. ಮಣೆಯಿಲ್ಲ, ಕಾಯಿಯಿಲ್ಲ, ಗೆದ್ದವರು ಸೋತವರು ಎಂಬುದೂ ಇಲ್ಲ. ಕೂತವರು ಒಬ್ಬೊಬ್ಬರೂ ಒಂದೊಂದು ವೇಷವನ್ನು ಮನಸ್ಸಿನಲ್ಲೇ ತೊಡಬೇಕು. ಬಸವಕುಮಾರ್ ದಂಡನಾಯಕ, ಸ್ಫೂರ್ತಿ ಗಿಡಮೂಲಿಕೆ ಬಲ್ಲ ವೈದ್ಯೆ, ಲಿಂಗರಾಜ್ ದಾರಿ ತೋರಿಸುವವ. ಶೈಲಜಾಗೆ ವೇಷವಿಲ್ಲ, ಅವರು ಎಲ್ಲಿದ್ದಾರೆ, ಎದುರಿಗೆ ಏನಿದೆ ಎಂದು ಹೇಳುವವಳು ಅವಳು. ನೀವೇನು ಮಾಡುತ್ತೀರಿ ಎಂದು ಅವಳು ಕೇಳಬೇಕು, ಅವರು ಹೇಳಬೇಕು, ಆ ಕೆಲಸ ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಕವಡೆ ಹಾಕಿ ನೋಡಬೇಕು. ಏಳು ಬಾಗಿಲಿನ ಒಂದು ಊರು. ಏಳನೆಯದರ ಆಚೆ ಏನಿದೆ ಎಂಬುದು ಶೈಲಜಾಗೂ ಗೊತ್ತಿರಲಿಲ್ಲ. ನಾಲ್ವರೂ ಹೇಳುತ್ತ ಹೋದರೆ ಅದು ತಾನಾಗಿ ಹುಟ್ಟುತ್ತದೆ ಎಂದು ಪುಸ್ತಕ ಹೇಳಿತ್ತು. ಅವಳು ನಂಬಿದ್ದಳು.

ಪುಸ್ತಕ ಸಿಕ್ಕಿದ್ದು ಹಂಪಿ ಬಜಾರಿನಲ್ಲಿ, ಪರದೇಶದವರು ಓದಿ ಬಿಟ್ಟುಹೋದ ಪುಸ್ತಕಗಳನ್ನು ಮಾರುವ ಅಂಗಡಿಯಲ್ಲಿ. ರಟ್ಟು ಹರಿದಿತ್ತು, ಕೊನೆಯ ಹಾಳೆಗಳಿಗೆ ಯಾರೋ ಚಹಾ ಚೆಲ್ಲಿದ್ದರು. ಹೊಸಪೇಟೆಯ ಲೈಬ್ರರಿಯಲ್ಲಿದ್ದ ಅನುವಾದದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿ, ಕಂಡರಿಯದ ದೇಶಗಳ ಹಿಮದಲ್ಲಿ ಒಬ್ಬಳೇ ಅಲೆದು ಸಾಕಾಗಿದ್ದ ಇಪ್ಪತ್ತೊಂಬತ್ತರ ಹುಡುಗಿಗೆ, ಕೂಡಿ ಕಟ್ಟುವ ಕತೆ ಎಂಬ ಮಾತೇ ರೋಮಾಂಚನ ಹುಟ್ಟಿಸಿತ್ತು. ಡ್ಯಾಮಿನಲ್ಲಿದ್ದ ಅಪ್ಪ ಸರ್ವಿಸಿನಲ್ಲೇ ತೀರಿಕೊಂಡಾಗ ಸಿಕ್ಕ ನೌಕರಿ ಅವಳದು, ಆ ನೌಕರಿಯ ಜೊತೆ ಉಳಿದ ಮನೆ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನದು. ಆ ಮನೆಯ ಪಡಸಾಲೆಯಲ್ಲಿ ಆರು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಆಟ ನಡೆದಿತ್ತು. ವಾರದ ಉಳಿದ ಆರು ದಿನ ಅವಳು ಬರೆಯುತ್ತಿದ್ದುದು ಯಾವ ತೂಬಿಗೆ ಎಷ್ಟು ನೀರು ಬಿಟ್ಟರು ಎಂಬುದನ್ನು. ಇದೊಂದೇ ಮಧ್ಯಾಹ್ನ ಏನಾದರೂ ಹೊಸದಾಗಿ ಹುಟ್ಟಬಹುದಾಗಿದ್ದದ್ದು.

ಹುಟ್ಟುತ್ತಿರಲಿಲ್ಲ, ಅದೇ ತಾಪತ್ರಯ. ಬಸವಕುಮಾರ್ ಎರಡು ಟಿಪ್ಪರ್ ಇಟ್ಟು ಸಂಡೂರಿನಿಂದ ಅದಿರು ಹೊಡೆಯಲು ಶುರುಮಾಡಿ ವರ್ಷವಾಗಿತ್ತು. ಕೂತಲ್ಲೇ ಮೂರು ಸಲ ಮೊಬೈಲು ತೆಗೆಯುತ್ತಿದ್ದ, ಆಟದಲ್ಲಿ ಎದುರಾದದ್ದನ್ನೆಲ್ಲ ಕಡಿಯುತ್ತಿದ್ದ. ಪಕ್ಕದ ಮನೆಯ ಸ್ಫೂರ್ತಿ ಬಿ.ಎಡ್. ಓದುತ್ತಿದ್ದಳು, ಕಡಿದವರಿಗೆಲ್ಲ ಸೊಪ್ಪು ಅರೆದು ಹಚ್ಚುತ್ತಿದ್ದಳು, ಅಷ್ಟೇ. ಬಸವಕುಮಾರನ ಜೊತೆ ಪಿ.ಯು.ಸಿ. ಓದಿದ್ದ ಲಿಂಗರಾಜ್ ಸಂಡೂರಿನ ರಸ್ತೆಯಲ್ಲಿ ಲಾರಿ ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದ. ಅವನು ಮಾತಾಡುವುದೇ ಕಡಿಮೆ. ಆದರೆ ಆಡಿದ ಒಂದೆರಡು ಮಾತು ಶೈಲಜಾಗೆ ಬುಧವಾರದ ತನಕ ನೆನಪಿರುತ್ತಿತ್ತು. ಒಮ್ಮೆ, ಎರಡನೇ ಬಾಗಿಲ ಹತ್ತಿರ, "ಈ ದಾರಿ ಮೊದಲ ನೆಟ್ಟಗಿತ್ತು. ಯಾರೋ ಅಳಕೋಂತ ಹೋಗ್ಯಾರ, ಅದಕ್ಕ ಸೊಟ್ಟಗಾಗೈತಿ," ಅಂದಿದ್ದ. ಅವಳು ಹೇಗೋ ಮಾಡಿ ಇವನ ಬಾಯಿ ಬಿಡಿಸಬೇಕೆಂದು ಕಾದಿದ್ದಳು.

ಬಾಗಿಲು ಕಡಿದ ಆ ಭಾನುವಾರ ಎಲ್ಲರೂ ಹೋದ ಮೇಲೆ ಪುಸ್ತಕ ತೆರೆದರೆ, ಅದುವರೆಗೆ ಹಾರಿಸಿ ಓದಿದ್ದ ಒಂದು ಅಧ್ಯಾಯ ಕಣ್ಣಿಗೆ ಬಿತ್ತು. ಆಟಗಾರರು ಬರೇ ಹೊಡೆದಾಡುತ್ತಿದ್ದಾರೆಯೇ? ಕತೆಗೆ ಏನಾದರೂ ಸೇರಿಸಿದವರಿಗೆ ಬಹುಮಾನ ಕೊಡಿ. ಯಾವುದಕ್ಕೆ ಬಹುಮಾನವೋ ಅದು ಬೆಳೆಯುತ್ತದೆ.

ಅವ್ವ ಕೊಟ್ರಮ್ಮನ ಹತ್ತಿರ ಒಂದು ಹಳೇ ಡಬ್ಬಿಯ ತುಂಬ ಗುಲಗಂಜಿ ಇದ್ದವು. ಅದನ್ನು ಕೇಳಿ ಪಡೆದಳು.

"ಚಂದಾಗಿ ಏನರ ಹೇಳಿದವ್ರಿಗೆ ಒಂದು ಗುಲಗಂಜಿ," ಎಂದು ಮುಂದಿನ ವಾರ ಸಾರಿದಳು. "ಕವಡಿ ಸರಿಯಾಗಿ ಬೀಳಲಿಲ್ಲಂದ್ರ ಗುಲಗಂಜಿ ವಾಪಸ್ ಕೊಟ್ಟು ಇನ್ನೊಮ್ಮೆ ಹಾಕಬೌದು."

"ಎಷ್ಟು ಹೇಳಿದ್ರ ಒಂದು?" ಅಂದ ಬಸವಕುಮಾರ್.

"ಎಷ್ಟು ಅಂತಲ್ಲೋ. ಹೆಂಗ ಅಂತ."

"ಹಂಗಂದ್ರ ರೇಟು ನೀನಾ ಕಟ್ಟಾಕಿ. ಆತು ನಡಿ."

ಮೊದಲ ಎರಡು ವಾರ ಹಬ್ಬ. ಬಸವಕುಮಾರನ ದಂಡನಾಯಕನಿಗೆ ಇದ್ದಕ್ಕಿದ್ದಂತೆ ಸತ್ತ ಹೆಂಡತಿ, ಕಳೆದುಹೋದ ಅವಳಿಮಕ್ಕಳು, ಎದೆಯ ಮೇಲೆ ಮಚ್ಚೆ ಎಲ್ಲ ಹುಟ್ಟಿಕೊಂಡವು. ಸ್ಫೂರ್ತಿಯ ವೈದ್ಯೆಗೆ ಒಬ್ಬ ರಾಜಕುಮಾರ ಪ್ರೇಮಪತ್ರ ಬರೆದ. ಶೈಲಜಾ ಖುಷಿಯಿಂದ ಹಂಚಿದಳು. ಮೂರನೇ ವಾರ ಜಗಳ ಶುರುವಾಯಿತು.

"ಶೈಲಕ್ಕ, ನಾನು ಅಷ್ಟುದ್ದ ಕನಸು ಹೇಳಿದ್ದಕ್ಕ ಒಂದಾ? ಬಸಣ್ಣನ ಮಚ್ಚಿಗೂ ಒಂದಾ?"

"ನನ್ನ ಮಚ್ಚಿ ಹಂಗಂದ್ರ ಅಗ್ಗದ್ದೇನವಾ? ಅಕ್ಕ, ಲಿಂಗ್ಯಾ ಬರೇ ಒಂದು ಮಾತಂದ. ಅವಗ್ಯಾಕ ಎರಡು?"

ಲಿಂಗರಾಜ್ ತನ್ನೆರಡನ್ನೂ ಮೆಲ್ಲಗೆ ಹಾಸಿನ ಮೇಲೆ ಇಟ್ಟು, "ನನಗ ಬ್ಯಾಡ್ರಿ ಅಕ್ಕಾರ, ಆಡೂಣು ನಡ್ರಿ," ಅಂದ. ಇಟ್ಟದ್ದನ್ನು ಅವಳೇ ಎತ್ತಿ ಮತ್ತೆ ಅವನ ಕೈಗೆ ಹಾಕಿದಳು. ಬಹುಮಾನ ಬೇಡ ಅನ್ನುವವರನ್ನು ಅವಳು ಆ ತನಕ ಕಂಡಿರಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡಳು.

ಮೇಲುಕೀಳು ತೂಗುವ ಕೆಲಸ ತನಗೆ ಬೇಡವೆಂದು ಕಟ್ಟಳೆ ಬದಲಿಸಿದಳು. ಇನ್ನು ಮುಂದೆ ಅವಳು ಕೊಡುವುದಿಲ್ಲ. ಎಲ್ಲರಿಗೂ ಮೊದಲೇ ಸಮನಾಗಿ ಹಂಚಿಬಿಡುವುದು. ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸಿದರೆ ಅವರೇ ತಮ್ಮ ಕೈಯಿಂದ ಕೊಡುವುದು. ಪುಸ್ತಕದಲ್ಲೂ ಹಾಗೊಂದು ದಾರಿ ಇತ್ತು. ಪುಸ್ತಕ ಬರೆದವರು ಯಾವ ದೇಶದವರೋ, ಅವರ ದೇಶದಲ್ಲಿ ಇದು ಸುಸೂತ್ರವಾಗಿ ನಡೆದಿರಬೇಕು.

ಹೊಸಪೇಟೆಯಲ್ಲಿ ಅದು ಎರಡೇ ವಾರದಲ್ಲಿ ಮುಯ್ಯಿ ಆಯಿತು. ಸ್ಫೂರ್ತಿಯ ರಾಜಕುಮಾರನಿಗೆ ಬಸವಕುಮಾರ್ ಒಂದು ಗುಲಗಂಜಿ ಹಾಕಿದ. ಅವಳು ಹದಿನೈದು ನಿಮಿಷ ಕಾದು, ಅವನ ದಂಡನಾಯಕ ಕುದುರೆಗೆ ಹುಲ್ಲು ಹಾಕಿದಾಗ, "ಎಷ್ಟು ಚಂದ ಹೇಳಿದ್ಯಣ್ಣ!" ಎಂದು ಒಂದರ ಬದಲು ಎರಡು ಹಾಕಿದಳು. ಎರಡು ಬಂದ ಮೇಲೆ ಮೂರು ಹೋಗದಿದ್ದರೆ ಹೇಗೆ? ಕತೆ ಯಾವ ಕಡೆ ಹೋದರೂ ಇಬ್ಬರ ಕಣ್ಣೂ ತಾವು ಹಿಂದಿರುಗಿಸಬೇಕಾದ ಹೊತ್ತನ್ನೇ ಹುಡುಕುತ್ತಿದ್ದವು. ಒಮ್ಮೆ ಬಸವಕುಮಾರ್, "ಸ್ಫೂರ್ತಿ, ಜಲ್ದಿ ಏನರ ಹೇಳವಾ, ನಿನಗ ಕೊಡೋದು ಉಳದೈತಿ," ಅಂದ.

"ಲೇ, ಹಿಂಗಲ್ಲೋ ಅದು!" ಎಂದು ಶೈಲಜಾ ಚೀರಿದಳು.

"ಮತ್ತ ಹೆಂಗ? ತಗೊಂಡು ಸುಮ್ನ ಕುಂದ್ರಾಕ ನಾವೇನು ಮರ್ಯಾದಿ ಬಿಟ್ಟವ್ರಾ?"

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಬ್ಬರೂ ಮೊದಲಿಗಿಂತ ಹತ್ತು ಪಟ್ಟು ಮಾತಾಡುತ್ತಿದ್ದರು, ಮೊಬೈಲು ಕಿಸೆಯಲ್ಲೇ ಉಳಿದಿತ್ತು, ಒಂದು ವಾರವನ್ನೂ ತಪ್ಪಿಸುತ್ತಿರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಎಲ್ಲ ಸುಸೂತ್ರ. ಆದರೆ ಐದನೇ ಬಾಗಿಲು ದಾಟಿ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ.

ದೀಪಾವಳಿಯ ಹಿಂದಿನ ಭಾನುವಾರ ಅವಳೇ ಅವರನ್ನು ದಬ್ಬಿಕೊಂಡು ಹೊರಟಳು. ಗುಡ್ಡದ ದಾರಿ, ಇಳಿಹೊತ್ತು. ದಾರಿಯ ಬದಿಗೆ ಒಬ್ಬ ಮುದುಕಿ ನಿಂತಿದ್ದಾಳೆ.

"ದಾರಿ ತೋರಿಸಾವ," ಎಂದು ಲಿಂಗರಾಜನ ಕಡೆ ತಿರುಗಿದಳು, "ಈಕಿ ಯಾರು ಅಂತ ನಿನಗ ಗೊತ್ತೇನು?"

ಅವನು ಕೈಯಲ್ಲಿದ್ದ ಕವಡೆಗಳನ್ನು ಹಾಸಿನ ಮೇಲಿಟ್ಟ.

"ಗೊತ್ತು," ಅಂದ. "ಈಕಿ ಮನಿ ಎದುರಿಗೆ ಮೊದಲ ಒಂದು ಗುಡ್ಡ ಇತ್ತು. ನೆತ್ತಿ ಮ್ಯಾಲೆ ಒಬ್ಬಾಕಿ ಅವ್ವ ಇದ್ಲು, ಕಲ್ಲಿನಾಕಿ. ಸಂಜಿಗೆ ಅಂಗಳದಾಗ ನಿಂತು ಕತ್ತೆತ್ತಿ ಕೈ ಮುಗಿಯಾಕಿ ಈ ಮುದುಕಿ. ಆಮ್ಯಾಲೆ ಗುಡ್ಡ ಹೋತು."

"ಹೋತು ಅಂದ್ರ?" ಅಂದಳು ಸ್ಫೂರ್ತಿ.

"ಒಯ್ದರು. ಪೂರಾ. ಅವ್ವನ್ನ ಇಳಿಸಿ ರೋಡಿನ ಬಾಜೂಕ ಹೊಸಾ ಗುಡಿ ಕಟ್ಟಿ ಇಟ್ರು. ಚಲೋ ಗುಡಿ. ಈಕಿ ಅಲ್ಲಿಗೆ ಹೋಗಾಂಗಿಲ್ಲ. ಇವತ್ತಿಗೂ ಸಂಜಿಗೆ ಅಂಗಳದಾಗ ನಿಂತು, ಅಷ್ಟಾ ಕತ್ತೆತ್ತಿ, ಗುಡ್ಡ ಇದ್ದಷ್ಟು ಎತ್ತರಕ್ಕ ಕೈ ಮುಗೀತಾಳ. ಅಲ್ಲಿ ಏನೂ ಇಲ್ಲ. ಬಯಲು. ಒಮ್ಮೊಮ್ಮೆ ಹಕ್ಕಿ ಹೊಕ್ಕಾವ."

ಒಳಗೆ ಒಗ್ಗರಣೆ ಮಂಡಕ್ಕಿ ಕಲೆಸುತ್ತಿದ್ದ ಕೊಟ್ರಮ್ಮನ ಕೈ ನಿಂತಿತು. ಎಂಟು ತಿಂಗಳು ಕಾದದ್ದು ಇದಕ್ಕೇ ಎಂದು ಶೈಲಜಾಗೆ ಎದೆ ತುಂಬಿ ಬಂತು. ಆಮೇಲೆ ಏನಾಯಿತು ಎಂದು ಅವಳು ಕೇಳಬೇಕಿತ್ತು. ಬಾಯಿ ತೆರೆಯುವುದರೊಳಗೆ ಬಸವಕುಮಾರ್ ಎದ್ದು ನಿಂತುಬಿಟ್ಟಿದ್ದ.

"ಆಹಾಹಾ! ಮಸ್ತ್ ಲೇ ಲಿಂಗ್ಯಾ!" ಎಂದವನೇ ಕೈಯನ್ನು ಮೈಕಿನಂತೆ ಬಾಯಿಗೆ ಹಿಡಿದು ಬಯಲಾಟದ ದನಿ ತೆಗೆದ. "ಟಿ.ಬಿ. ಡ್ಯಾಮಿನ ವಾಸಿಗಳು, ಎರಡು ಟಿಪ್ಪರಿನ ಮಾಲೀಕರು ಆದಂಥಾ ಶ್ರೀಮಾನ್ ಬಸವಕುಮಾರ್ ಇವರು, ದಾರಿ ತೋರಿಸುವ ಪಾತ್ರಧಾರಿಯ ಕಲೆಯನ್ನು ಮೆಚ್ಚಿ, ಐದು ಗುಲಗಂಜಿ ಆಹೇರಿ ಮಾಡಿರುತ್ತಾರೆ!"

ತನ್ನ ಹತ್ತಿರ ಇದ್ದ ಐದನ್ನೂ ಲಿಂಗರಾಜನ ಅಂಗಿಯ ಕಿಸೆಗೆ ತುರುಕಿದ. ಸ್ಫೂರ್ತಿ ಚಪ್ಪಾಳೆ ತಟ್ಟಿದಳು. ಶೈಲಜಾಳಿಗೂ ನಗು ಬಂತು. ತಮ್ಮ ಕೆಟ್ಟವನಲ್ಲ, ಕೈ ಬಿಚ್ಚಿ ಕೊಡುವವನು, ಇದ್ದದ್ದನ್ನೆಲ್ಲ ಕೊಟ್ಟಿದ್ದ. ಲಿಂಗರಾಜನೂ ಹಲ್ಲು ಕಾಣುವಷ್ಟು ನಕ್ಕು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಮುದುಕಿಯ ವಿಷಯ ಅಲ್ಲಿಗೇ ನಿಂತಿತು. ಮಂಡಕ್ಕಿ ಬಂತು.

ಮುಂದಿನ ಭಾನುವಾರ ಲಿಂಗರಾಜ್ ಎಲ್ಲರಿಗಿಂತ ಮೊದಲು ಬಂದ. ಬಸವಕುಮಾರನ ದಂಡನಾಯಕ ಯಾವುದೋ ಕರಡಿಯನ್ನು ಕಡಿದು ಮೀಸೆ ತಿರುವಿದ ಕೂಡಲೇ, "ಭಾಳ ಚಲೋ ಹೇಳಿದ್ರಿ ಬಸಣ್ಣ," ಎಂದು ಕಿಸೆಯಿಂದ ಐದು ಗುಲಗಂಜಿ ತೆಗೆದು ಒಂದೊಂದಾಗಿ ಅವನ ಮುಂದೆ ಇಟ್ಟ.

"ಲೇ, ಕರಡಿಗೆ ಐದಾ? ನಾನೇನು ಅಂಥಾದ್ದು ಹೇಳಿದೆ?" ಎಂದು ಬಸವಕುಮಾರ್ ಹಿಗ್ಗಿದ.

ಕಾಟಾದಲ್ಲಿ ಡ್ಯೂಟಿ ಐತಿ ಎಂದು ಲಿಂಗರಾಜ್ ಬೇಗ ಎದ್ದು ಹೋದ. ಆಮೇಲೆ ಮೂರು ಭಾನುವಾರ ಬರಲಿಲ್ಲ. ಫೋನು ಮಾಡಿದರೆ ಲಾರಿಗಳ ಹಾರ್ನು ಕೇಳಿಸಿ ಕಟ್ಟಾಗುತ್ತಿತ್ತು.

"ಅವ ಇನ್ನ ಬರಾಂಗಿಲ್ಲ ಬಿಡವಾ," ಅಂದಳು ಕೊಟ್ರಮ್ಮ. ಅಕ್ಕಿ ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. "ನಾ ಅವತ್ತಾ ಅನ್ಕೊಂಡೆ."

"ಯಾಕ?"

"ಐದಕ್ಕ ಐದಾ ಇಟ್ಟನಲ್ಲ. ಮುಯ್ಯಿ ತಿರುಗಿಸೋರು ಒಂದರ ಹೆಚ್ಚಿಗಿ ಹಾಕತಾರ. ಆ ಒಂದು ಮತ್ತ ಇವರ ಮ್ಯಾಲೆ ಉಳೀತೈತಿ, ಹೋಗಿ ಬಂದು ಇರತೈತಿ. ಸಮಸಮ ಹಾಕಿದ್ರು ಅಂದ್ರ ನಿಮಗೂ ನಮಗೂ ಮುಗೀತು ಅಂತ. ಮರಿಯಮ್ಮನಹಳ್ಳಿ ಮರುಳಸಿದ್ದಪ್ಪ ಮಾವ ನನ್ನ ತಂಗಿ ಮದುವ್ಯಾಗ ಹಂಗಾ ಮಾಡಿದ್ದ. ಅವತ್ತಿಂದ ನಮ್ಮ ಹೊಸ್ತಿಲ ತುಳಿದಿಲ್ಲ."

"ಅದು ಆಟ ಬೇ. ಮದುವಿ ಅಲ್ಲ."

"ಹಂಗಂದ್ರ ಕೊಡೋದು ತಗೊಳ್ಳೋದು ಯಾಕ ಇಟ್ಟಿದ್ದಿ ಆಟದಾಗ?"

ಶೈಲಜಾಗೆ ಅವ್ವನ ಮೇಲೆ ಸಿಟ್ಟು ಬಂತು. ಪುಸ್ತಕದ ಮೇಲೆ ಇನ್ನೂ ಹೆಚ್ಚು ಬಂತು. ಒಂದು ಅಧ್ಯಾಯದ ತುಂಬ ಉಪದೇಶ ಬರೆದವರು, ಪಡೆದವನಿಗೆ ಏನಾಗುತ್ತದೆ ಎಂದು ಒಂದು ಸಾಲು ಬರೆದಿರಲಿಲ್ಲ.

ಎರಡನೇ ಶನಿವಾರ ಆಫೀಸಿಗೆ ರಜ. ಯಾರಿಗೂ ಹೇಳದೆ ಸಂಡೂರಿನ ಬಸ್ಸು ಹತ್ತಿದಳು. ಟಿಪ್ಪರುಗಳ ಸಾಲಿನಲ್ಲಿ ಬಸ್ಸು ಆಮೆಯಂತೆ ತೆವಳಿತು. ಗಿಡ, ಮನೆ, ನಾಯಿ, ಎಲ್ಲದಕ್ಕೂ ಒಂದೇ ಬಣ್ಣ. ಕಿಟಕಿ ಮುಚ್ಚಿದರೂ ಹಲ್ಲಿನ ಸಂದಿಗೆ ಮಣ್ಣು ಸಿಕ್ಕಿತು. ಒಂದು ಗಂಟೆಯ ದಾರಿ ಎರಡೂವರೆ ಗಂಟೆ ತಿಂದಿತು.

ಕಾಟಾ ಎಂದರೆ ರಸ್ತೆಯ ಮಟ್ಟಕ್ಕೆ ಹಾಸಿದ ಒಂದು ಕಬ್ಬಿಣದ ಹಲಗೆ, ಪಕ್ಕಕ್ಕೆ ಗೂಡಿನಂಥ ಒಂದು ಕೋಣೆ. ಲಾರಿ ಹಲಗೆಯ ಮೇಲೆ ನಿಂತರೆ ಒಳಗಿನ ಡಬ್ಬಿಯಲ್ಲಿ ಕೆಂಪು ಅಂಕಿ ಹೊಳೆಯುತ್ತದೆ, ಲಿಂಗರಾಜ್ ಚೀಟಿ ಹರಿದು ಕೊಡುತ್ತಾನೆ, ಲಾರಿ ಇಳಿದು ಹೋಗುತ್ತದೆ. ಅವಳನ್ನು ಕಂಡು ಅವನು ಗಾಬರಿಯಾಗಿ ಎದ್ದ, ಇದ್ದ ಒಂದೇ ಕುರ್ಚಿಯನ್ನು ಅಂಗಿಯ ತೋಳಿನಿಂದ ಒರೆಸಿದ.

"ಅಕ್ಕಾರ! ಇಲ್ಲಿಗ್ಯಾಕ ಬಂದ್ರಿ ಈ ಧೂಳಿನಾಗ? ಕುಂದ್ರಿ, ಕುಂದ್ರಿ. ಬಸಣ್ಣಗ ಏನರ ಆತೇನು?"

"ಅವಗೇನಾಗತೈತಿ, ಗುಂಡಕಲ್ಲಿನಂಗ ಅದಾನ. ನೀನ್ಯಾಕ ಬರವಲ್ಲಿ?"

"ಡ್ಯೂಟಿ ರೀ."

"ಸುಳ್ಳು ಹೇಳಬ್ಯಾಡ. ಆ ಐದು ಗುಲಗಂಜಿಗೆ ಸಿಟ್ಟಾಗೀಯಲ್ಲ? ನಾನು ಎಲ್ಲಾ ತೆಗೆದುಬಿಡತೀನಿ. ಇನ್ನ ಯಾರೂ ಯಾರಿಗೂ ಕೊಡಾಂಗಿಲ್ಲ. ಮೊದಲಿನಂಗ ಆಡೂಣು."

ಒಂದು ಟಿಪ್ಪರ್ ಬಂದು ನಿಂತಿತು. ಅವನು ಅಂಕಿ ನೋಡಿ ಚೀಟಿ ಹರಿದ. ಅದು ಇಳಿದ ಮೇಲೆ ಮಾತಾಡಿದ.

"ನಮ್ಮಪ್ಪ ಎರ್ರಿಯಪ್ಪ ಬಯಲಾಟದಾಗ ರಾಜನ ಪಾರ್ಟು ಮಾಡತಿದ್ದ್ರಿ. ಕಡೀಗೆ ಯುದ್ಧದಾಗ ಬಿದ್ದು ಸಾಯೋದೈತಿ. ಮಂದಿ ಗಳಗಳ ಅಳಾಕತ್ತಿರತಿದ್ರು. ಅಷ್ಟರಾಗ ಯಾರೋ ಸಾವ್ಕಾರ ಕಟ್ಟಿ ಹತ್ತಿ ಬಂದು ಅಪ್ಪನ ಎದಿಗೆ ನೋಟು ಚುಚ್ಚತಿದ್ದ. ಮೈಕಿನ್ಯಾಗ ಅವನ ಹೆಸರು ಕೂಗೋರು. ಸತ್ತ ರಾಜ ಎದ್ದು ನಿಂತು ಸಾವ್ಕಾರಗ ಕೈ ಮುಗಿದು, ಮತ್ತ ಮಲಗಿ ಸಾಯಬೇಕ್ರಿ. ಒಂದಾಟದಾಗ ಮೂರು ಸಲ ಎದ್ದದ್ದು ನಾನು ನೋಡೀನಿ."

ಲಿಂಗರಾಜ್ ತಾನೇ ನಕ್ಕ.

"ಬಸಣ್ಣನ ತಪ್ಪಲ್ರಿ. ಅವ್ರು ಪ್ರೀತಿಲೆ ಕೊಟ್ರು. ಆದ್ರ ನಾನು ಅದನ್ನ ಆಟಕ್ಕಂತ ಹೇಳಿದ್ದಲ್ಲ. ಅದು ನಮ್ಮವ್ವರಿ, ನಿಂಗಕ್ಕ. ಬಾಯಿಗೆ ಬಂತು, ಹೇಳಿಬಿಟ್ಟೆ. ಕಿಸೇದಾಗ ಐದು ಬಿದ್ದ ಮ್ಯಾಲೆ ಮನಿಗೆ ಹೋಗಿ ಅವ್ವನ ಮಾರಿ ನೋಡಾಕ ಆಗಲಿಲ್ಲ."

"ಅದಕ್ಕಾ ಅಂತೀನಿ, ತೆಗೆದುಬಿಡತೀನಿ ಅಂತ!"

"ನೀವು ಡಬ್ಬಿಗೆ ಹಾಕತೀರಿ. ನನ್ನ ತಲ್ಯಾಗಿಂದು ಹೆಂಗ ತೆಗೀತೀರಿ? ಈಗ ಏನು ಹೇಳಾಕ ಹೋದ್ರೂ ಇದಕ್ಕ ಎಷ್ಟು ಅಂತ ಮನಸಾ ಮೊದಲ ಕೇಳತೈತಿ. ಇಲ್ಲಿ ದಿನಾ ಅದಾ ಕೆಲಸ ಮಾಡತೀನಿ. ಭಾನುವಾರನೂ ಯಾಕ?"

ಮತ್ತೆ ಟಿಪ್ಪರ್. ಮತ್ತೆ ಚೀಟಿ. ಶೈಲಜಾ ಸೆರಗಿನ ಚುಂಗಿನಿಂದ ಮುಖ ಒರೆಸಿದಳು, ಸೆರಗು ಕೆಂಪಾಯಿತು. ಬಂದ ದಾರಿಗೆ ಸುಂಕವಿಲ್ಲ ಎಂದು ಏಳುವವಳಿದ್ದಳು. ಎದ್ದವಳು, ಅಷ್ಟು ದಿನದಿಂದ ಕೇಳದೆ ಉಳಿದದ್ದನ್ನು ಕೇಳಿಯೇಬಿಟ್ಟಳು.

"ಆಮ್ಯಾಲೆ ಏನಾತು? ಅವ್ವಾರು ಇನ್ನೂ ಹಂಗಾ ಕೈ ಮುಗೀತಾರಾ?"

ಅವನು ಅವಳಿಗೆ ಮತ್ತೆ ಕುರ್ಚಿ ತೋರಿಸಿದ. ಆಮೇಲೆ ಲಾರಿಯಿಂದ ಲಾರಿಗೆ ಒಂದೊಂದು ಚೂರಾಗಿ ಹೇಳಿದ. ದೀಪಾವಳಿ ಕಳೆದ ಮೇಲೆ ಚಳಿಗೆ ನಿಂಗಕ್ಕನ ಕುತ್ತಿಗೆ ಹಿಡಿದುಕೊಂಡಿತು. ಮೇಲೆ ನೋಡಲು ಆಗದು. ಎರಡು ದಿನ ಅಂಗಳದಲ್ಲಿ ಸುಮ್ಮನೆ ಕೂತಳು. ಮೂರನೇ ದಿನ ರಸ್ತೆಗೆ ಬಂದು ನಿಂತು, ತುಂಬಿದ ಟಿಪ್ಪರಿಗೆ ಕೈ ಮುಗಿದಳು. ಗುಡ್ಡದವ್ವ ಈಗ ಮೇಲೆ ಎಲ್ಲಿದ್ದಾಳೆ, ಇದರಲ್ಲಿ ಕೂತು ಹೊಂಟಾಳಲ್ಲ, ಅಂದಳು. ಅಂದಿನಿಂದ ದಿನವೂ ಸಂಜೆ ಎಲ್ಲ ತುಂಬಿದ ಲಾರಿಗೂ ಕೈ ಮುಗಿಯುತ್ತಾಳೆ, ಖಾಲಿ ಬರುವುದಕ್ಕೆ ಬೆನ್ನು ತಿರುಗಿಸುತ್ತಾಳೆ. ಕೆಲವು ಡ್ರೈವರುಗಳು ಭಿಕ್ಷೆ ಅಂದುಕೊಂಡು ಚಿಲ್ಲರೆ ಎಸೆಯುತ್ತಾರೆ. ಅವಳು ಅದನ್ನು ಎತ್ತುವುದಿಲ್ಲ, ಕಾಲಿನಿಂದ ಮಣ್ಣು ಮುಚ್ಚುತ್ತಾಳೆ.

"ಬಸಣ್ಣನ ಗಾಡಿಗೂ ಮುಗೀತಾಳ್ರಿ," ಅಂದ ಲಿಂಗರಾಜ್. "ಅವ್ರಿಗೆ ಗೊತ್ತಿಲ್ಲ. ಗೊತ್ತಾಗೋದು ಬ್ಯಾಡ."

ಶೈಲಜಾ ತಲೆಯಾಡಿಸಿದಳು. ಚಂದ ಹೇಳಿದೆ ಎನ್ನಲು ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದಳು. ಭಾನುವಾರ ಬರುತ್ತೀಯಾ ಎಂದೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಬಸವಕುಮಾರನೂ ಸ್ಫೂರ್ತಿಯೂ ಬಂದು ಕೂತರು. ಗುಲಗಂಜಿಯ ಡಬ್ಬಿ ಹೊರಗೆ ಬರದಿದ್ದುದನ್ನು ಯಾರೂ ಕೇಳಲಿಲ್ಲ. ಬಸವಕುಮಾರ್ ಇನ್ನೇನನ್ನೋ ನೆನೆಸಿಕೊಂಡು ಬಂದಿದ್ದ.

"ಅಕ್ಕ, ಆ ಮುದುಕಿ ಏನಾದ್ಲು?"

"ಯಾವ ಮುದುಕಿ?"

"ಅದಾ, ಬಯಲಿಗೆ ಕೈ ಮುಗಿಯಾಕಿ. ಲೋಡಿನ ಗಾಡ್ಯಾಗ ಕುಂತಾಗ ಸುಮ್ಸುಮ್ನ ನೆನಪಾಗತಾಳ. ಆಮ್ಯಾಲೆ ಏನಾತು ಅಂತ ಲಿಂಗ್ಯಾ ಹೇಳಲೇ ಇಲ್ಲ ನೋಡು."

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಕವಡೆಯ ಕಡೆ ನೋಡಲಿಲ್ಲ, ಮೀಸೆ ಮುಟ್ಟಲಿಲ್ಲ. ಒಂದು ಕತೆಯ ಮುಂದಿನ ಸಾಲಿಗೆ ಬಾಯಿ ತೆರೆದು ಕೂತಿದ್ದ. ಎಂಟು ತಿಂಗಳು ಗೋಗರೆದರೂ, ಬಹುಮಾನವಿಟ್ಟರೂ ಬಾರದಿದ್ದದ್ದು ಈಗ ಪುಕ್ಕಟೆ ಬಂದು ಕೂತಿತ್ತು, ಬರಬಾರದ ಹೊತ್ತಿನಲ್ಲಿ.

"ಇರಲಿ ಬಿಡೋ. ಹೇಳಾವ ಬಂದಿಲ್ಲ."

"ಹಂಗಾರ ನಾನಾ ಕೇಳತೀನಿ ತಗಾ. ನಾಳಿ ಕಾಟಾದ ಮ್ಯಾಲೆ ಹೆಂಗೂ ಹೋಗತೀನಿ. ಲಾರಿ ಅಲ್ಲೇ ನಿಂದರಿಸಿ, ಹೇಳೋತನಕ ಬಿಡಾಂಗಿಲ್ಲ ಮಗನ್ನ. ಹಿಂದ ಐವತ್ತು ಗಾಡಿ ಹಾರ್ನ್ ಹೊಡೀಲಿ. ಹೇಳದ ಎಲ್ಲಿಗೆ ಹೋಗತಾನ?"

ಹೇಳದೆ ಎಲ್ಲಿಗೂ ಹೋಗಲಾರ ಎಂಬುದು ಶೈಲಜಾಗೆ ಗೊತ್ತಿತ್ತು. ಪಡಸಾಲೆಯಲ್ಲಿ ಅವರಿಬ್ಬರೂ ಗೆಳೆಯರು; ಕಾಟಾದ ಮೇಲೆ ಒಬ್ಬ ಗಾಡಿಯ ಮಾಲೀಕ, ಒಬ್ಬ ಚೀಟಿ ಹರಿಯುವವ. ಹೇಳುತ್ತಾನೆ. ಕೇಳಿದ ಬಸವಕುಮಾರ್ ಕಣ್ಣೀರು ಹಾಕುತ್ತಾನೆ, ಅದೂ ನಿಜವೇ. ಅಂದೇ ಸಂಜೆ ಲಾರಿ ನಿಲ್ಲಿಸಿ ಇಳಿದು, ನಾಲ್ಕು ಜನರ ಎದುರು ನಿಂಗಕ್ಕನಿಗೆ ಒಂದು ಸೀರೆ ಉಡಿಸುತ್ತಾನೆ. ಊರೆಲ್ಲ ಹೇಳಿಕೊಂಡು ಬರುತ್ತಾನೆ. ಅವನ ಪ್ರೀತಿಗೆ ಬೇರೆ ದಾರಿ ಗೊತ್ತಿಲ್ಲ.

"ಬ್ಯಾಡ," ಅಂದಳು. "ನನಗ ಗೊತ್ತೈತಿ. ಫೋನಿನ್ಯಾಗ ಹೇಳ್ಯಾನ."

ಇಬ್ಬರೂ ಮುಂದೆ ಬಾಗಿದರು. ಶೈಲಜಾ ಹಾಸಿನ ಮೇಲಿನ ಐದು ಕವಡೆಗಳನ್ನು ಒಂದೊಂದಾಗಿ ಮಗುಚಿ ಹಾಕಿದಳು. ಕಾಟಾದಲ್ಲಿ ಕೇಳಿದ ಒಳ್ಳೆಯ ಅಂತ್ಯ ಬಾಯಿಯ ತನಕ ಬಂದು ನಿಂತಿತ್ತು. ಅದರಂಥದನ್ನು ತಾನು ಜನ್ಮದ ಉದ್ದಕ್ಕೂ ಕಟ್ಟಲಾರೆ ಎಂಬುದೂ ಗೊತ್ತಿತ್ತು.

"ಮುದುಕಿಗೆ ಮಗಳಿದ್ಲು, ಕಂಪ್ಲಿ ಕಡೆ. ಆಕಿ ಬಂದು ಕರಕೊಂಡು ಹೋದ್ಲು. ಅಷ್ಟಾ."

"ಅಷ್ಟಾ?"

"ಅಷ್ಟಾ."

"ಮತ್ತ ಕೈ ಮುಗಿಯೋದು?"

"ಬಿಟ್ಲು. ಅಲ್ಲಿ ಗುಡ್ಡ ಇಲ್ಲಲ್ಲ. ಬತ್ತದ ಗದ್ದಿ. ಆರಾಮದಾಳ, ಮೊಮ್ಮಕ್ಕಳನ್ನ ಆಡಿಸಿಕೋಂತ."

ಬಸವಕುಮಾರ್ ಬೆನ್ನು ಗೋಡೆಗೆ ಒರಗಿಸಿದ. ಮುಖ ಇಷ್ಟೇ ಇಷ್ಟಾಗಿತ್ತು. "ಏನಕ್ಕ ಇದು, ಥೂ," ಅಂದ. "ಒಂದು ತಿಂಗಳು ತಲಿ ತಿಂದ್ಲು ಆ ಮುದುಕಿ. ಇಷ್ಟಕ್ಕಾ?"

"ನಾನಾಗಿದ್ರ ಆಕೀನ ಅವ್ವನ ಗುಡಿ ಮುಂದ ಸಾಯಿಸಿರತಿದ್ದೆ," ಅಂದಳು ಸ್ಫೂರ್ತಿ. "ಬಾಗಿಲದಾಗಾ."

"ಏನರ ಮಾಡಬೇಕಿತ್ತು. ಲಿಂಗ್ಯಾಗ ಸುರು ಮಾಡೋದು ಬರತೈತಿ, ಮುಗಸಾಕ ಬರಾಂಗಿಲ್ಲ."

ಲಿಂಗರಾಜನ ಪರವಾಗಿ ಒಂದು ಮಾತು ಆಡಿದರೆ ಸಾಕು, ತಮ್ಮನ ಆಸೆ ಮತ್ತೆ ಹೆಡೆ ಎತ್ತುತ್ತದೆ. "ಹೌದು," ಅಂದಳು ಶೈಲಜಾ, "ಮುಗಸಾಕ ಬರಾಂಗಿಲ್ಲ."

ಆಟ ಆಮೇಲೆ ಅರ್ಧ ಗಂಟೆ ಕುಂಟಿತು. ದಂಡನಾಯಕ ಆರನೇ ಬಾಗಿಲನ್ನು ಎರಡು ಏಟಿಗೆ ಕಡಿದ, ಆಚೆ ಏನಿದೆ ಎಂದು ಕೇಳಲಿಲ್ಲ. ಸ್ಫೂರ್ತಿ ನಾಳೆ ಪಾಠದ ತಯಾರಿ ಐತಿ ಎಂದು ಎದ್ದಳು. ಬಸವಕುಮಾರ್ ಚಪ್ಪಲಿ ಮೆಟ್ಟುತ್ತ ಮತ್ತೊಮ್ಮೆ ಗೊಣಗಿದ, ಗೇಟಿನ ಹತ್ತಿರ ನಿಂತು ಇನ್ನೊಮ್ಮೆ.

"ಎಂಥಾ ಸಪ್ಪನ ಕತಿ ಅಕ್ಕ! ಬರೇ ಮಣ್ಣು ತಿಂದಂಗಾತು. ಇನ್ನ ಅವನ್ನ ಕತಿ ಕೇಳಿದ್ರ ನನ್ನ ಕೆರ ತಗೊಂಡು ಹೊಡಿ."

ಶೈಲಜಾ ಪಡಸಾಲೆಯಲ್ಲೇ ಕೂತು, ಅವನು ಬೈದದ್ದನ್ನು ಒಂದು ಮಾತೂ ಬಿಡದೆ ಕೇಳಿಸಿಕೊಂಡಳು, ಇಷ್ಟು ಬೈದಮೇಲೆ ನಾಳೆ ಅವನು ಸಂಡೂರಿನಲ್ಲಿ ಯಾರನ್ನೂ ಏನೂ ಕೇಳಲಾರ ಎಂದು ಖಾತ್ರಿಯಾಗುವ ತನಕ.